ಗುಬ್ಬಿ ಬಸ್‌ಸ್ಟ್ಯಾಂಡಿನ ವೇಗ

ಕಂಪ್ಯೂಟರ್ ಟುಕ್ ಎಂದಿತು. ಅಮ್ಮಿ ಏಳಬಾರದೆಂದು ಸ್ಪೀಕರನ್ನು ಪೂರ್ತಿ ತಗ್ಗಿಸಿದ್ದರೂ ಮೇಲ್ ಬಂದಾಗ ಅಷ್ಟು ಸದ್ದು ಆಗಿಯೇ ತೀರುತ್ತಿತ್ತು. ರಾತ್ರಿ ಹನ್ನೊಂದರ ಮೇಲೆ ಫೋನ್ ದರ ಇಳಿಯುತ್ತದೆಂದು ತುಮಕೂರಿನ ಮರಳೂರು ಬಡಾವಣೆಯ ಅವರ ಮನೆಯಲ್ಲಿ ಇಂಟರ್ನೆಟ್ ಹಾಕುತ್ತಿದ್ದುದೇ ಆ ಹೊತ್ತಿಗೆ. ಸೈಮಾ ಪರದೆಯ ಹತ್ತಿರ ಮುಖ ತಂದು ಓದಿದಳು.

‘ನಿಮ್ಮ ಕಳ್ಳ ನಿದ್ದೆಗಣ್ಣಿನಲ್ಲಿ ಓಡುತ್ತಿದ್ದಾನೆ. ಆರರಲ್ಲಿ ಒಂದು ಪಾಲು ನಿಧಾನ. ಕಳಿಸುವ ಮೊದಲು ಯಾರಾದರೂ ಒಮ್ಮೆ ಆಡಿ ನೋಡಿದಿರಾ?’

ಕೊನೆಯ ಪ್ರಶ್ನೆಗೆ ಅವಳ ಕಿವಿ ಬಿಸಿಯಾಯಿತು. ಆಡಿ ನೋಡುವುದೇ? ಕೋಟೆ ಗೋಡೆ ಹಾರುವ ಆ ಕಳ್ಳನ ಆಟವನ್ನು ಅವಳು ಒಂಬತ್ತನೇ ವಯಸ್ಸಿನಿಂದ ಆಡಿದ್ದಳು.

ಅದು ಟೀವಿಗೆ ಸಿಕ್ಕಿಸುವ ಪೆಟ್ಟಿಗೆಯಲ್ಲಿ ಮಾತ್ರ ಓಡುವ ಆಟ. ಯಾವ ಕಂಪ್ಯೂಟರಿಗೂ ಬಂದಿರಲಿಲ್ಲ. ಈಗ, ಎರಡು ಸಾವಿರದ ಮೂರರಲ್ಲಿ, ಅದರ ಹಕ್ಕು ಕೊಂಡಿದ್ದ ಹೊರದೇಶದ ಒಂದು ಸಣ್ಣ ಕಂಪನಿ ಅದನ್ನು ಕಂಪ್ಯೂಟರ್ ನಡೆಸುವ ಪುಕ್ಕಟೆ ತಂತ್ರಾಂಶವಾದ ಲಿನಕ್ಸ್‌ಗೆ ತರಬೇಕೆಂದು ಹೊರಟಿತ್ತು. ತುಮಕೂರಿನಲ್ಲಿ ಲಿನಕ್ಸ್ ಎಂದರೆ ಸೋಪಿನ ಹೆಸರೇ ಎಂದು ಕೇಳುವವರಿದ್ದ ಕಾಲ. ಬಿ.ಎಚ್. ರಸ್ತೆಯ ಕದರಯ್ಯನವರ ಕಂಪ್ಯೂಟರ್ ಸೆಂಟರಿನ ಹನ್ನೊಂದು ಹಳೆಯ ಮೆಷೀನುಗಳಲ್ಲಿ ಇದ್ದದ್ದು ಅದೇ. ಬೇರೆಯದಕ್ಕೆ ಲೈಸೆನ್ಸ್ ಕೊಳ್ಳುವ ತಾಕತ್ತು ಅವರಿಗಿರಲಿಲ್ಲ. ಆ ಕೆಲಸ ಹೇಗೋ ಅವರಿಗೆ ಸಿಕ್ಕಿತು, ಅವರಿಂದ ಅಲ್ಲಿ ಪಾಠ ಹೇಳುತ್ತಿದ್ದ ಸೈಮಾಳ ಕೈಗೆ ಬಂತು. ಐದು ತಿಂಗಳು ಒಬ್ಬಳೇ ಕೂತು ಅದರ ಪ್ರೋಗ್ರಾಂ ಬರೆದಿದ್ದಳು.

ಆ ಮೇಲ್ ಕದರಯ್ಯನವರಿಗೂ ಹೋಗಿತ್ತು. ಬೆಳಗ್ಗೆ ಅವರು ಕುರ್ಚಿ ತಿರುಗಿಸಿ ಕೂತೇ ಕಾದಿದ್ದರು.

“ಏನಮ್ಮಾ, ಗುಬ್ಬಿಲಿ ಕರೆಂಟು ಡಲ್ಲಾಗಿತ್ತಾ? ನಿನ್ ಕಳ್ಳಂಗೆ ವೋಲ್ಟೇಜೇ ಸಿಕ್ಕಿಲ್ವಂತೆ!”

“ನಾನು ಗುಬ್ಬಿ ಟೀವಿ ಮುಂದೆ ಕೂತು ಸ್ಟಾಪ್‌ವಾಚ್ ಹಿಡಿದು ಅಳೆದಿದೀನಿ ಸಾರ್. ಒಂದೊಂದು ಜಿಗಿತಾನೂ.”

“ಹಂಗಾದ್ರೆ ಆಟದ ಹಕ್ಕು ಇರೋರಿಗೇ ಆಟ ಗೊತ್ತಿಲ್ಲ ಅನ್ನು. ಮೊದ್ಲು ಸಾರಿ ಅಂತ ಒಂದು ಮೇಲ್ ಹಾಕು.”

ಸೈಮಾ ಮೇಲ್ ಹಾಕಲಿಲ್ಲ. ಗುಬ್ಬಿ ಬಸ್ಸು ಹತ್ತಿದಳು.

ಬಸ್‌ಸ್ಟ್ಯಾಂಡಿನ ಪಕ್ಕ, ಪಂಚರ್ ಅಂಗಡಿಯ ಹಿಂದೆ, ಅವಳ ಚಾಚಾ ದಸ್ತಗೀರ್ ಸಾಬರ ಟೀವಿ ಗೇಮಿನ ಅಂಗಡಿ. ಚೇಳೂರು ಬಸ್ಸಿಗೆ ಕಾಯುವವರು ಅಲ್ಲಿ ಸ್ಟೂಲಿನ ಮೇಲೆ ಕೂತು ಆಡುತ್ತಿದ್ದರು. ಬಸ್ಸು ಹೊರಟರೂ ಏಳದವರೂ ಇದ್ದರು. ಸೈಮಾ ತನ್ನ ಕಳ್ಳನಿಗೆ ವೇಗ ಕೊಟ್ಟದ್ದು ಈ ಟೀವಿಯನ್ನು ನೋಡಿಯೇ.

“ಮತ್ತೆ ವಾಚ್ ತಂದ್ಯಾ? ಈ ಆಟ ಏನ್ ರೈಲ್ವೆ ಟೈಮ್‌ಟೇಬಲ್ಲಾ?” ಎಂದರು ಚಾಚಾ.

“ಸುಮ್ನೆ ಆಡಿ ಚಾಚಾ. ಕೋಟೆ ಅಗಸೆ ಬಾಗಿಲಿಂದ ನೀರಿನ ಬಾಗಿಲವರೆಗೆ.”

ಚಾಚಾ ಆಡಿದರು. ಅವರ ಕೈ ನೋಡುವುದೇ ಒಂದು ಚೆಂದ. ಬೀಡಿ ಬಾಯಿಯ ಒಂದು ಮೂಲೆಯಲ್ಲಿ, ಕಣ್ಣು ಅರ್ಧ ಮುಚ್ಚಿ, ಹೆಬ್ಬೆರಳು ಮಾತ್ರ ಎಚ್ಚರ. ಎಪ್ಪತ್ತೆರಡು ಸೆಕೆಂಡು. ಸೈಮಾ ಬರೆದದ್ದರಲ್ಲೂ ಎಪ್ಪತ್ತೆರಡೇ. ಮೇಲ್ ಜೊತೆ ಬಂದಿದ್ದ ಕಂಪನಿಯವರ ಪಟ್ಟಿಯಲ್ಲಿ ಅರವತ್ತು ಸೆಕೆಂಡು.

ಅವಳು ಪೆಟ್ಟಿಗೆಯನ್ನು ಮಗುಚಿ ಹಾಕಿದಳು. ಅಡಿಯ ಚೀಟಿಯಲ್ಲಿ ಐವತ್ತು ಎಂದಿತ್ತು. ಅದನ್ನೇ ಎರಡು ನಿಮಿಷ ನೋಡುತ್ತ ನಿಂತಳು.

ಇಲ್ಲಿನ ಟೀವಿ ಸೆಕೆಂಡಿಗೆ ಐವತ್ತು ಸಲ ಚಿತ್ರ ಮೂಡಿಸುತ್ತದೆ, ಆ ಆಟ ಹುಟ್ಟಿದ ದೇಶದ್ದು ಅರವತ್ತು ಸಲ. ವ್ಯತ್ಯಾಸ ಅದೇ ಆರರಲ್ಲಿ ಒಂದು ಪಾಲು. ಪೆಟ್ಟಿಗೆಯೊಳಗಿನ ಕಳ್ಳ ಚಿತ್ರಕ್ಕೊಂದು ಹೆಜ್ಜೆ ಇಡುವವನು. ಇಲ್ಲಿಗೆ ಮಾರುವಾಗ ಯಾರೂ ಅದನ್ನು ಸರಿಪಡಿಸಲಿಲ್ಲ. ಗುಬ್ಬಿ, ಕುಣಿಗಲ್, ತುಮಕೂರು ಎಲ್ಲ ಕಡೆಯೂ ಹನ್ನೆರಡು ವರ್ಷ ಎಲ್ಲರೂ ನಿಧಾನದ ಕಳ್ಳನನ್ನೇ ಆಡಿಸಿದ್ದರು, ಅವನ ಹಾಡನ್ನೂ ಎಳೆದಂತೆಯೇ ಕೇಳಿದ್ದರು.

“ಏನಾಯ್ತು? ಕೆಟ್ಟೋಯ್ತಾ?” ಚಾಚಾ ಗಾಬರಿಯಾದರು.

“ಇಲ್ಲ ಚಾಚಾ, ಚೆನ್ನಾಗಿದೆ.”

ಅಂದು ರಾತ್ರಿಯೇ ಅವಳು ಕಂಪನಿಗೆ ಬರೆದಳು. ಪ್ರತಿ ಪದವನ್ನೂ ಎರಡೆರಡು ಸಲ ತೂಗಿದಳು, ಆದರೆ ಕ್ಷಮೆ ಕೇಳಲಿಲ್ಲ. ‘ಇದು ತಪ್ಪಲ್ಲ. ನಮಗೆ ಇಲ್ಲಿ ಮಾರಿದ ಆಟ ಇದೇ. ಎರಡು ವೇಗವನ್ನೂ ಇಡುತ್ತೇನೆ, ಆಡುವವರು ಬೇಕಾದ್ದನ್ನು ಆರಿಸಿಕೊಳ್ಳಲಿ.’

ಎರಡೇ ಸಾಲಿನ ಉತ್ತರ ಬಂತು: ನಿಧಾನದ್ದು ದೋಷ, ತೆಗೆಯಿರಿ.

“ತೆಗೆದು ಕಳಿಸಮ್ಮಾ, ಮುಗೀತದೆ,” ಎಂದರು ಕದರಯ್ಯ.

“ನಮ್ಮೋರು ಆಡಿದ್ದು ದೋಷ ಅಂತಾರಲ್ಲ ಸಾರ್, ಅದನ್ನ ಒಪ್ಪಲ್ಲ ನಾನು.”

“ಲೇ ಅಂಜನ್‌ಕುಮಾರ್, ಕೇಳ್ದೇನೋ? ಮೇಡಂ ಒಪ್ಪಲ್ವಂತೆ!” ಪಕ್ಕದ ಮೆಷೀನಿನಲ್ಲಿದ್ದ ಇನ್ನೊಬ್ಬ ಮೇಷ್ಟ್ರು ತಲೆ ತಗ್ಗಿಸಿ ನಕ್ಕ. ಕದರಯ್ಯ ಇತ್ತ ತಿರುಗಿದರು. “ನೋಡು ಸೈಮಾ, ನೀನು ತೆಗೀದಿದ್ರೆ ಇವನು ತೆಗೀತಾನೆ. ಆಟದ ಕೊನೇಲಿ ಬರೋ ಹೆಸರೂ ಇವನ್ದೇ ಆಗ್ತದೆ.”

ಸೈಮಾ ತನ್ನ ಪರದೆಯನ್ನು ಅವರತ್ತ ತಿರುಗಿಸಿದಳು. “ಹೆಸರು ಯಾರದಾದ್ರೂ ಹಾಕ್ಕೊಳ್ಳಿ ಸಾರ್. ಅವ್ರು ಬರ್ದಿರೋ ಸಾಲು ಇದ್ರಲ್ಲಿ ಒಂದಾದ್ರೂ ಇದ್ರೆ ತೋರಿಸ್ಲಿ.”

ಅಂಜನ್‌ಕುಮಾರನ ನಗು ನಿಂತಿತು. “ನಂಗ್ಯಾಕ್ ಸಾರ್ ಬೇರೆಯೋರ ಹೆಸರಿನ ಜಾಗ? ನಾನೊಲ್ಲೆ,” ಎಂದುಬಿಟ್ಟ.

ಸಂಜೆ ಸೈಮಾ ಆಟದ ಮೆನುವಿಗೆ ತಾನು ಸೇರಿಸಿದ್ದ ಐವತ್ತರ ಆಯ್ಕೆಯನ್ನು ತಾನಾಗಿಯೇ ತೆಗೆದಳು. ಕದರಯ್ಯ ಹಿಂದೆ ನಿಂತು ನೋಡಿ, ಬುದ್ಧಿ ಬಂತಲ್ಲ ಎಂದು ಬೆನ್ನು ತಿರುಗಿಸಿ ಹೋದರು. ಅವರು ಟೀ ಮುಗಿಸಿ ಬರುವಷ್ಟರಲ್ಲಿ ಅವಳು ಹಾಡು ನುಡಿಸುವ ಫೈಲಿನ ನಡುವೆ ನಾಲ್ಕು ಸಾಲು ಸೇರಿಸಿದ್ದಳು: ಆಟ ತೆರೆಯುವಾಗ ಕೀಬೋರ್ಡಿನ ಒಂದು ಕೀಲಿ ಒತ್ತಿ ಹಿಡಿದರೆ ಎಲ್ಲವೂ ಐವತ್ತರಲ್ಲಿ ಓಡುತ್ತದೆ. ಕಂಪನಿಯವರು ಆ ಸಾಲುಗಳನ್ನು ಓದಿದರೆ ಸಿಕ್ಕಿಬೀಳುತ್ತಿದ್ದಳು, ಕೆಲಸವೂ ಹೋಗುತ್ತಿತ್ತು. ಹನ್ನೆರಡು ದಿನ ಪ್ರತಿ ಟುಕ್‌ಗೂ ಅವಳು ಪರದೆಗೆ ಬಗ್ಗಿ ನೋಡಿದಳು. ಹದಿಮೂರನೆಯ ದಿನ ‘ಈಗ ಸರಿಯಾಗಿದೆ, ಬಿಡುಗಡೆ ಮಾಡಿದ್ದೇವೆ’ ಎಂದು ಬಂತು. ಅವರು ಓದಿರಲಿಲ್ಲ.

ಆ ಶುಕ್ರವಾರ ನಮಾಜು ಮುಗಿಸಿ ದಸ್ತಗೀರ್ ಸಾಬರು ಸೆಂಟರಿಗೇ ಬಂದರು. ಟೋಪಿ ಜೇಬಿಗಿಟ್ಟು, ಕಂಪ್ಯೂಟರನ್ನು ಸುತ್ತ ಬಂದು ನೋಡಿದರು. “ಇದ್ರಲ್ಲೂ ಆಡ್ತಾನಾ ನಮ್ಮೋನು? ಕಾರ್ಟ್ರಿಡ್ಜ್ ಎಲ್ ಹಾಕೋದು?”

“ಇದಕ್ಕೆ ಅದು ಬೇಡ. ಕೂತ್ಕೊಳ್ಳಿ ಚಾಚಾ,” ಎಂದು ಸೈಮಾ ಆಟ ತೆರೆದಳು. ತೆರೆಯುವಾಗ ಅವಳ ಕಿರುಬೆರಳು ಒಂದು ಕೀಲಿಯ ಮೇಲಿತ್ತು.

ಮೊದಲು ಕೀಬೋರ್ಡು ಕೈಗೆ ಹೊಂದದೆ ಚಾಚಾ ಎರಡು ಸಲ ಗೋಡೆಯಿಂದ ಬಿದ್ದರು. ಮೂರನೆಯ ಸಲ ಕಣ್ಣು ಅರ್ಧ ಮುಚ್ಚಿದವು. ಕಳ್ಳ ಒಂದೊಂದೇ ಗೋಡೆ ದಾಟಿದ, ಹಾಡು ತನ್ನ ಪಾಡಿಗೆ ಎಳೆಯಿತು, ಪಾಠ ಬಿಟ್ಟು ಹುಡುಗಿಯರೆಲ್ಲ ಸುತ್ತ ನೆರೆದರು. ನೀರಿನ ಬಾಗಿಲಲ್ಲಿ ಚಾಚಾ ಕೈ ಎತ್ತಿದರು.

“ಒಂದು ಕೂದಲೆಳೆ ಫರಕ್ ಇಲ್ಲ ಕಣಮ್ಮಾ! ಎಂಗ್ ಮಾಡ್ದೆ?”

ಅವರು ಹೋದ ಮೇಲೆ ಕದರಯ್ಯ ಅದೇ ಮೆಷೀನಿನಲ್ಲಿ ಆಟವನ್ನು ಹೊಸದಾಗಿ ತೆರೆದು ಕೂತರು. ಐದು ಸಲ ಸತ್ತರು.

“ಅಲ್ಲಾ ಸೈಮಾ, ನಂಗ್ಯಾಕೋ ಇವನು ಬಲೇ ಜೋರಾಗ್ ಓಡ್ತಾನೆ. ನಿಮ್ ಚಾಚಾ ಆಡೋವಾಗ ಹಿಂಗಿರ್ಲಿಲ್ವಲ್ಲ?”

ಅಂಜನ್‌ಕುಮಾರ ತಲೆ ಎತ್ತಿದ. ಸೈಮಾ ಬೋರ್ಡು ಒರೆಸುತ್ತಲೇ ಇದ್ದಳು. ಕದರಯ್ಯನವರಿಗೆ ಹೇಳಿದರೆ ಮರುದಿನವೇ ಆ ನಾಲ್ಕು ಸಾಲು ಹೋಗುತ್ತವೆ. ಚಾಚಾಗೆ ಹೇಳಿದರೆ ಹನ್ನೆರಡು ವರ್ಷದ ಅವರ ಕೈಚಳಕಕ್ಕೆ ಬೇರೆ ದೇಶದವರು ಕೊಟ್ಟ ‘ದೋಷ’ ಎಂಬ ಹೆಸರನ್ನೂ ಹೇಳಬೇಕಾಗುತ್ತದೆ. ಅದನ್ನು ಅವಳು ಹೇಳುವುದಿಲ್ಲ. ಇವರಿಗಲ್ಲ, ಅವರಿಗಲ್ಲ, ಅಮ್ಮಿಗೂ ಅಲ್ಲ.

“ಅವ್ರಿಗೆ ಅಭ್ಯಾಸ ಸಾರ್,” ಎಂದಳು, ಮುಂದಿನ ಪಾಠದ ತಲೆಬರಹ ಬರೆಯತೊಡಗಿದಳು.