ಜೌಗಿನ ಕೊನೆಯ ಕಾಲುವೆ

ಬೆಣ್ಣೆ ಕೇಕಿನ ತಟ್ಟೆಯನ್ನು ಪುಟ್ಟಲಕ್ಷ್ಮಮ್ಮ ಮತ್ತೆ ಆಚೆ ತಳ್ಳಿದರು.

“ಮಗನ್ನ ಬೆಂಕೀಗೆ ಕೊಟ್ಟು ಬಂದಿವ್ನಿ. ಮೈಮ್ಯಾಲೆ ಒಂದು ಚೊಂಬು ನೀರು ಬಿದ್ದಿಲ್ಲ. ಕೇಕ್ ತಿನ್ನಕಾಯ್ತದಾ?”

“ಇಲ್ಲಿನ ಪದ್ಧತಿ, ಅತ್ತೆ,” ಎಂದಳು ರಚನಾ. “ಸ್ಮಶಾನದಿಂದ ಬಂದೋರಿಗೆ ಕಾಫಿ, ಕೇಕ್ ಕೊಡ್ಬೇಕು.”

“ಕೊಡ್ಲಿ. ಇವ್ರು ನಗೋದ್ಯಾಕೆ?”

ಹ್ಯಾಂಬರ್ಗಿನ ಆ ಕೆಫೆಯಲ್ಲಿ, ಉದ್ದದ ಮೇಜಿನ ಸುತ್ತ, ಅವರ ಮಗ ಯಶವಂತನ ಶನಿವಾರದ ಗೆಳೆಯರು ಕಪ್ಪು ಬಟ್ಟೆ ತೊಟ್ಟು ನಗುತ್ತಿದ್ದರು. ವಾರವೆಲ್ಲ ಕಂಪ್ಯೂಟರಿನ ಮುಂದಿರುತ್ತಿದ್ದ ಅವನು ಶನಿವಾರ ಬಂತೆಂದರೆ ಇವರೊಂದಿಗೆ ಊರಾಚೆಯ ಜೌಗಿಗೆ ಓಡುತ್ತಿದ್ದ. ಹತ್ತು ದಿನದ ಹಿಂದೆ ಎದೆನೋವೆಂದವನು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಅಂದಿನಿಂದ ರಚನಾಳಿಗೆ ಅಳುವೂ ಬಂದಿರಲಿಲ್ಲ, ಹಸಿವೂ.

ಎಪ್ಪತ್ತರ ಉಲ್ರಿಕೆ ಆ ತಂಡದ ಯಜಮಾನಿ. ಯಶವಂತನ ಜೊತೆ ಕೆಲಸ ಮಾಡುತ್ತಿದ್ದ ಮೈಸೂರಿನ ಝುಹೈಬ್‌ನ ತೋಳನ್ನು ಅವಳು ತಟ್ಟಿ, ಅಮ್ಮನಿಗೂ ಹೇಳು ಎಂದು ಜರ್ಮನ್‌ನಲ್ಲಿ ಒತ್ತಾಯಿಸಿದಳು.

“ನಿಮ್ಮ ಮಗ ಫಸ್ಟ್ ಡೇ ಮಾಡಿದ ಕಿತಾಪತಿ ಹೇಳ್ತಿದಾರೆ, ಅಮ್ಮಾ,” ಎಂದ ಝುಹೈಬ್.

*

ಸಾವಿರಾರು ವರ್ಷಗಳ ಪಾಚಿ ಆ ಜೌಗಿನಲ್ಲಿ ಪೂರಾ ಕೊಳೆಯದೆ ಕಪ್ಪು ಮಣ್ಣಾಗಿ ನೀರಲ್ಲಿ ಕೂತಿತ್ತು. ಹಿಂದಿನವರು ಕಾಲುವೆ ತೋಡಿ ನೀರು ಬಸಿದರು. ಒಣಗಿದ ಮಣ್ಣು ಬಿರಿದು, ಒಳಗಿನ ಇಂಗಾಲವನ್ನೆಲ್ಲ ಗಾಳಿಗೆ ಬಿಡತೊಡಗಿತು. ಈಗ ಆ ಕಾಲುವೆಗಳನ್ನೆಲ್ಲ ಮುಚ್ಚಿ ಮತ್ತೆ ನೀರು ನಿಲ್ಲುವಂತೆ ಮಾಡುವುದು ಈ ತಂಡದ ಕೆಲಸ.

ಮೊದಲ ದಿನ ಉಲ್ರಿಕೆ ಅವನಿಗೊಂದು ಕಾಲುವೆ ತೋರಿಸಿ ಹೋದಳು. ಮಂಡ್ಯದ ಗದ್ದೆಗಳಲ್ಲಿ ಬೆಳೆದವನಿಗೆ ಇದ್ಯಾವ ಲೆಕ್ಕ? ಅಂದವಾದ ಒಡ್ಡು ಕಟ್ಟಿದ. ಕಟ್ಟಿ, ನಡುವೆ ಒಂದು ಗಂಡಿ ಬಿಟ್ಟ. ನಿಂತ ನೀರೆಲ್ಲ ಅದರೊಳಗಿಂದಲೇ ಹರಿದುಹೋಯಿತು.

“ಇದೇನಿದು?” ಎಂದಳು ಉಲ್ರಿಕೆ.

“ಕೆಳಗಿನ ಗದ್ದೆಯವರಿಗೂ ನೀರು ಬೇಡ್ವಾ? ಜಗಳಕ್ಕೆ ಬರ್ತಾರೆ.”

“ಯಶ್, ಕೆಳಗಿರೋದು ಸಮುದ್ರ.”

*

ಪುಟ್ಟಲಕ್ಷ್ಮಮ್ಮ ಸೆರಗನ್ನು ಬಾಯಿಗೊತ್ತಿಕೊಂಡರು. ಅಳುತ್ತಿದ್ದಾರೆಂದು ರಚನಾ ಕೈ ಚಾಚಿದಳು. ಅವರ ಭುಜ ಕುಲುಕುತ್ತಿದ್ದುದು ನಗುವಿಗೆ.

“ಅವ್ರಪ್ಪ ಹೇಳ್ಕೊಟ್ಟಿದ್ದು ಕಣವ್ವ! ಗಂಡಿ ಬಿಡ್ದೆ ಕಟ್ಟಿದ್ರೆ ಬೆನ್ನಿಗೆ ಬೀಳ್ತಿತ್ತು.”

ನಗು ಇಳಿದ ಮೇಲೆ ಉಲ್ರಿಕೆ ಮೆಲ್ಲಗೆ ಇನ್ನೊಂದು ಮಾತು ಹೇಳಿದಳು. ಉಳಿದಿರುವುದು ಒಂದೇ ಕಾಲುವೆ. ಯಶವಂತ ಅರ್ಧ ಮುಚ್ಚಿದ್ದು. ಇವತ್ತು ಮುಗಿಸಬೇಕಿತ್ತು, ಅವನ ಅಂತ್ಯಕ್ರಿಯೆಯೆಂದು ಕೈಬಿಟ್ಟರು. ನಾಳೆಯಿಂದ ಹಕ್ಕಿಗಳು ಗೂಡು ಕಟ್ಟುವ ಕಾಲ. ಬೇಸಿಗೆ ಮುಗಿಯುವವರೆಗೆ ಅಲ್ಲಿ ಯಾರೂ ಕೆಲಸ ಮಾಡುವಂತಿಲ್ಲ. ಅಷ್ಟರಲ್ಲಿ ಚಳಿಗಾಲದ ನೀರು ಹರಿದುಹೋಗಿ ಜೌಗು ಮತ್ತೆ ಒಣಗಿರುತ್ತದೆ.

ರಚನಾಳಿಗೆ ಏನಾದರೂ ಬೇಕೆನಿಸಿದ್ದು ಎಷ್ಟೋ ದಿನಗಳ ಮೇಲೆ.

“ಅತ್ತೆ, ಈಗ್ಲೇ ಹೋಗಿ ಮುಚ್ಚಿಬಿಡೋಣ್ವಾ?”

“ಸಾವಿನ ಮನೇವ್ರು ಕರ್ಮ ಮುಗಿಯೋಗಂಟ ಗುದ್ಲಿ ಮುಟ್ಟಂಗಿಲ್ಲ.”

ರಚನಾ ತಲೆ ತಗ್ಗಿಸಿದಳು.

“ಗುದ್ಲಿ ಅಂದೆ ಕಣವ್ವ,” ಎನ್ನುತ್ತ ಪುಟ್ಟಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು. “ಬರೀ ಕೈಲಿ ಎತ್ತಾಕಕೇನಂತೆ? ಏಳು, ವೊತ್ತಾಯ್ತದೆ.”

*

ಜೌಗಿನಲ್ಲಿ, ಗುದ್ದಲಿ ಹಿಡಿದ ಗೆಳೆಯರು ಅಗೆದರು. ಕಾಲುವೆಗೆ ಅಡ್ಡಲಾಗಿ ಯಶವಂತ ಎರಡು ಸಾಲು ಹಲಗೆ ಬಡಿದಿದ್ದ. ನಡುವೆ ತುಂಬಲು ಅತ್ತೆ ಸೊಸೆ ಕಪ್ಪು ಹಸಿಮಣ್ಣಿನ ಮುದ್ದೆಗಳನ್ನು ಎತ್ತಿ ಎತ್ತಿ ಕೊಟ್ಟರು. ಉಲ್ರಿಕೆ ಕೊಟ್ಟ ಬೂಟು ಪುಟ್ಟಲಕ್ಷ್ಮಮ್ಮನಿಗೆ ದೊಡ್ಡದು. ಕಾಲು ಜಾರಿ, ಸೊಂಟದವರೆಗೆ ನೀರಿಗಿಳಿದರು.

“ಅಮ್ಮಾ!” ಝುಹೈಬ್ ಓಡಿಬಂದ.

“ಅರಚ್‌ಬ್ಯಾಡ ಕಣಪ್ಪ. ನನ್ ಸ್ನಾನ ಆಯ್ತು. ನೀನೂ ಬಾ.”

ರಚನಾ ಜೋರಾಗಿ ನಕ್ಕಳು. ನಗುತ್ತಿರುವಾಗಲೇ ಕಣ್ಣು ತುಂಬಿತು. ಕೈಯೆಲ್ಲ ಕೆಸರು, ಒರೆಸಿಕೊಳ್ಳಲು ಆಗಲಿಲ್ಲ.

ಬೆಳಕು ಇಳಿಯುವ ಮೊದಲು ಕೊನೆಯ ಮುದ್ದೆ ಬಿತ್ತು. ಎಲ್ಲರೂ ನೀರಿನತ್ತ ಬಾಗಿದರು. ಸಮುದ್ರದ ಕಡೆಗೆ ಹರಿವ ನೀರಲ್ಲಿ ಒಂದು ಹಳದಿ ಎಲೆ ಸರಸರನೆ ತೇಲಿಬರುತ್ತಿತ್ತು. ಒಡ್ಡಿನ ಹತ್ತಿರ ನಿಂತಿತು. ತನ್ನಷ್ಟಕ್ಕೆ ಒಂದು ಸುತ್ತು ತಿರುಗಿ, ನಿಧಾನವಾಗಿ, ಬಂದ ದಾರಿಯಲ್ಲೇ ಹಿಂದಕ್ಕೆ, ಜೌಗಿನೊಳಕ್ಕೆ ಹೊರಟಿತು.