ಬರ್ಲಿನ್ ಪ್ರವೇಶದ ಪದಕ

ಜರ್ಮನ್ನರು ಪ್ಯಾರಿಸ್ಸಿಗೆ ಬಂದ ಬೇಸಿಗೆಯಲ್ಲಿ, ನಮ್ಮ ಕೆಳಮನೆಯ ಗಡಿಯಾರ ರಿಪೇರಿ ಅನ್ಸೆಲ್ಮನ ಮನೆಯಲ್ಲಿ ಅವರ ಅಧಿಕಾರಿಯೊಬ್ಬ ಬಿಡಾರ ಹೂಡಿದ. ಟಂಕಸಾಲೆಯವರು ಹಳೆಯ ಅಚ್ಚುಗಳಲ್ಲಿ ಹೊಸದಾಗಿ ಒತ್ತಿದ ವಿಜಯಪದಕಗಳನ್ನು ಅನ್ಸೆಲ್ಮ ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟಿದ್ದ. ಅಧಿಕಾರಿ ಅದರಿಂದ ಒಂದನ್ನು ಎತ್ತಿಕೊಂಡ. ಅದು ನೆಪೋಲಿಯನ್ ಜರ್ಮನ್ನರನ್ನು ಸೋಲಿಸಿ ಬರ್ಲಿನ್ ಹೊಕ್ಕ ನೆನಪಿನದು.

"ಇದು ಆಗಿನ ಕಾಲದ್ದಲ್ಲ, ಅಲ್ವಾ?"

"ಅಲ್ಲ ಸಾರ್. ಅಚ್ಚು ಹಳೇದು, ಕಂಚು ಹೊಸದು."

"ಇಂಥದ್ದನ್ನ ಇನ್ನೂ ಯಾರ‍್ಯಾರು ಮನೇಲಿಟ್ಕೊಂಡಿದಾರೆ?"

ಅನ್ಸೆಲ್ಮ ಕಪಾಟಿನ ಬಾಗಿಲು ಮುಚ್ಚಿದ. "ಗೊತ್ತಿಲ್ಲ ಸಾರ್."

"ಅವಸರ ಇಲ್ಲ, ನೆನಪು ಮಾಡ್ಕೊಳ್ಳಿ," ಎಂದು ಅವನು ನಕ್ಕು ಪದಕವನ್ನು ಜೇಬಿಗಿಳಿಸಿದ.

ಅಧಿಕಾರಿ ತನ್ನ ಕೋಣೆಗೆ ಹೋದೊಡನೆ ಅನ್ಸೆಲ್ಮನ ಹೆಂಡತಿ ಓಡೀಲ್, ಪದಕ ಸಂಗ್ರಹಿಸುವ ಗೆಳೆಯರ ಪತ್ರಗಳನ್ನೆಲ್ಲ ಅಗ್ಗಿಷ್ಟಿಕೆಗೆ ಹಾಕಿದಳು. ಅನ್ಸೆಲ್ಮ ತಡೆಯಲಿಲ್ಲ. ಕೊನೆಯ ಕಾಗದ ಇನ್ನೂ ಉರಿಯುತ್ತಿತ್ತು. ಗೋಡೆಯಾಚೆಯಿಂದ ಮೃದುವಾದ ದನಿ ಕೇಳಿತು:

"ಇಷ್ಟೊಂದು ಸೆಕೇಲಿ ಬೆಂಕಿ ಯಾಕೆ, ಮೇಡಂ?"