ತೊಗರಿ ಕಾಳಿನ ಗುರುತು

ಮಲ್ಕಮ್ಮ ಫೋಟೋವನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು. ಸೊಸೆ ದ್ರೌಪದಿ ಬಾಗಿಲ ಹತ್ತಿರವೇ ನಿಂತುಬಿಟ್ಟಳು.

"ನನ್ ಮಗ ಬದಕ್ಯಾನ್ರಿ ಸಾಬ್ರ," ಎಂದರು ಮಲ್ಕಮ್ಮ. "ಗಟ್ಟಿಮುಟ್ಟ ಅದಾನ. ಇದನ್ನ ಅವಗ ಹ್ಯಾಂಗ ಕಳಸ್ಲಿ, ನೀವೇ ಹೇಳ್ರಿ."

ಆಳಂದದ ಪೇಟೆಯಲ್ಲಿ ಆಗ ಫೋಟೋ ಅಂಗಡಿ ಇದ್ದದ್ದು ಶರಫುದ್ದೀನ್ ಉಸ್ತಾದರದೊಂದೇ. ನಾನು ಅವರ ಹತ್ತಿರ ಕೆಲಸಕ್ಕಿದ್ದೆ. ಹಗಲು ಅಂಗಡಿ, ಸಂಜೆ ಶಾಲೆಯ ಮಾಸ್ತರರೊಬ್ಬರ ಪಡಸಾಲೆಯಲ್ಲಿ ಪಾಠ. ಆ ಚಿತ್ರ ತೆಗೆದವನು ನಾನೇ ಆದ್ದರಿಂದ, ಉಸ್ತಾದರು ಅದನ್ನು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿಯುವಾಗ ನಾನೂ ಹಿಂದಿನಿಂದ ಇಣುಕಿದೆ.

ದ್ರೌಪದಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಕಣ್ಣು ಚೆನ್ನಾಗಿ ಬಂದಿದ್ದವು. ಮುಖ ಮಾತ್ರ ಹಿಟ್ಟಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಕೆಂಪು ಸೆರಗು ಬೂದಿಯಂತೆ ಬೆಳ್ಳಗಿತ್ತು. ಹಣೆ ಬರಿದಾಗಿತ್ತು. ಅವತ್ತು ಅವಳು ನಮ್ಮ ಅಂಗಡಿಯ ಕನ್ನಡಿಯ ಮುಂದೆಯೇ ನಿಂತು ಕುಂಕುಮ ಹಚ್ಚಿಕೊಂಡಿದ್ದಳು. "ಇನ್ನೊಂದೀಟು ದೊಡ್ಡದು ಹಚ್ಚು ಬೇ, ಅಷ್ಟ ದೂರಕ್ಕ ಕಾಣಬೇಕು" ಎಂದು ಅತ್ತೆ ಹೇಳಿದ್ದೂ ನನಗೆ ನೆನಪಿತ್ತು.

ಅಷ್ಟು ದೂರವೆಂದರೆ ಬರ್ಮಾದ ಕಡೆ. ಮಲ್ಕಮ್ಮನ ಮಗ ಅಂಬಾರಾಯ ಮದುವೆಯಾದ ಎರಡು ತಿಂಗಳಿಗೆ ಫೌಜಿಗೆ ಹೋಗಿದ್ದ. ಅವನ ಜೊತೆಯವನಾದ ಮಾದನಹಿಪ್ಪರಗಾದ ಹುಲೆಪ್ಪ ರಜೆಯ ಮೇಲೆ ಊರಿಗೆ ಬಂದಿದ್ದ. ಮುಂದಿನ ಸಂತೆಯ ಮಾರನೆಯ ದಿನ ಅವನು ಹೊರಡುವವನು, ಫೋಟೋ ಅವನ ಕೈಯಲ್ಲಿ ಹೋಗಬೇಕು. ಹೆಂಡತಿಯ ಮುಖ ಮರೆಯುವ ಮೊದಲು ಒಂದು ಫೋಟೋ ಕಳಿಸಿ ಎಂದು ಅಂಬಾರಾಯ ಹೇಳಿಕಳಿಸಿದ್ದನಂತೆ. ಈಗ ಅವನಿಗೆ ಸಿಗುತ್ತಿದ್ದದ್ದು, ತಾನು ಬದುಕಿರುವಾಗಲೇ ಕುಂಕುಮ ಅಳಿಸಿಕೊಂಡ ಹೆಂಡತಿಯ ಚಿತ್ರ.

"ಮನ್ಯಾಗ ಬರೀ ಹಣಿ ನಂದೊಂದ ಸಾಕ್ರಿ," ಎಂದರು ಮಲ್ಕಮ್ಮ. ಅವರ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು.

ಉಸ್ತಾದರು ಸಮಾಧಾನದ ದನಿ ತೆಗೆದರು. "ಅದಕ್ಕ್ಯಾಕ ಇಷ್ಟ ಕಾಳಜಿ ಯವ್ವ? ಸಣ್ಣ ಬ್ರಶ್ ಅದ, ಶಾಯಿ ಅದ. ಒಂದ ಚಿಟಿಕಿ ಹೊಡಿಯೂದ್ರಾಗ ಕುಂಕಮ ಇಟ್ಟ ಕೊಡ್ತೇನಿ."

ಮಲ್ಕಮ್ಮ ಅವರನ್ನೇ ನೋಡಿದರು. "ನನ್ ಸೊಸಿ ಹಣಿಗಿ ನೀವ್ ಕುಂಕಮ ಹಚ್ತೀರಿ?"

ಬ್ರಶ್ಶಿನ ಕಡೆ ಹೋಗಿದ್ದ ಉಸ್ತಾದರ ಕೈ ಗಡ್ಡಕ್ಕೆ ಬಂತು. ಪರಗಂಡಸು ಹಚ್ಚುವ ಕುಂಕುಮ ಕಾಗದದ ಮೇಲಿನದಾದರೂ ಕುಂಕುಮವೇ. ಅವರಿಗೆ ಅದು ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

"ತಪ್ಪಾತು ಯವ್ವ," ಎಂದರು. "ಹಂಗಾರ ಮತ್ತೊಂದ್ ಫೋಟೋ ತಗೀಮು. ಈ ಸಲ ಹಣಿಗಿ ಕಾಡಿಗಿ ಹಚ್ಚಿಕೊಂಡ ಕುಂದರ್ಲಿ. ಕರಿ ಬಣ್ಣ ಎಲ್ಲಿಗೂ ಹೋಗಂಗಿಲ್ಲ."

"ಕರಿಬೊಟ್ಟ ಕೂಸಿಗಿ ಇಡ್ತಾರ್ರಿ, ದೃಷ್ಟಿ ಆಗಬಾರ್ದಂತ. ಮುತ್ತೈದಿಗಿ ಇಡ್ತಾರೇನು?" ಮಲ್ಕಮ್ಮ ಗೋಡೆಯ ಕಡೆ ಕೈ ಮಾಡಿದರು. ಅಲ್ಲಿ ಕಟ್ಟು ಹಾಕಿಸಿದ ಹೆಂಗಸರ ಚಿತ್ರಗಳಿದ್ದವು, ಪಾಟೀಲರ ಮನೆಯವರದು, ವಕೀಲರ ಮನೆಯವರದು. ಪ್ರತಿ ಹಣೆಯಲ್ಲೂ ದುಂಡಗೆ ಕಪ್ಪು ಕುಂಕುಮ. "ಅವರದೆಲ್ಲಾ ಹ್ಯಾಂಗ ಬಂದದ? ಬಡವರ ಕುಂಕಮ ಅಂದ್ರ ನಿಮ್ ಪೆಟಗಿಗಿ ಕಾಣಂಗಿಲ್ಲೇನು?"

ಅತ್ತೆ ಸೊಸೆ ಹೋದ ಮೇಲೂ ಆ ಮಾತು ಅಂಗಡಿಯಲ್ಲೇ ಉಳಿಯಿತು. ಸಂತೆಯ ದಿನ ಬೆಳಿಗ್ಗೆ ಮತ್ತೆ ಬನ್ನಿ, ಸರಿಯಾಗಿ ತೆಗೆದುಕೊಡುತ್ತೇವೆ ಎಂದು ಉಸ್ತಾದರು ಒಪ್ಪಿಕೊಂಡುಬಿಟ್ಟಿದ್ದರು. ಹೇಗೆ ಎಂದು ಅವರಿಗೂ ಗೊತ್ತಿರಲಿಲ್ಲ.

ನಾನು ಎಲ್ಲಿ ತಪ್ಪಿದೆ ಎಂದು ಹುಡುಕತೊಡಗಿದೆ. ಬೆಳಕು ಜಾಸ್ತಿ ಬಿಟ್ಟೆನೇ? ಹಾಗಾಗಿದ್ದರೆ ತಾಳಿಯ ಕರಿಮಣಿಯೂ ತೊಳೆದುಹೋಗಬೇಕಿತ್ತು, ಆದರೆ ಅದು ಸ್ಪಷ್ಟವಾಗಿತ್ತು. ಹೋದದ್ದು ಕೆಂಪು ಮಾತ್ರ, ಸೆರಗು ಮತ್ತು ಕುಂಕುಮ. ಅದೇ ಡಬ್ಬಿಯ ಬೇರೆ ರೀಲಿನಲ್ಲಿ ಹಿಂದಿನ ವಾರವಷ್ಟೇ ಸರಸಂಬಾದ ಒಬ್ಬ ಮದುಮಗಳನ್ನು ತೆಗೆದಿದ್ದೆ. ಅವಳ ಕುಂಕುಮ ಎಂದಿನಂತೆ ಕಪ್ಪಾಗಿ ಬಂದಿತ್ತು. ಎರಡು ನೆಗೆಟಿವ್‌ಗಳನ್ನೂ ಒಟ್ಟಿಗೆ ಹಿಡಿದು ನೋಡಿದೆ. ಮದುಮಗಳ ನೆಗೆಟಿವ್‌ನ ಅಂಚಿನಲ್ಲಿ ತಯಾರಿಸಿದವರು ಒತ್ತಿದ ಸಣ್ಣ ಅಕ್ಷರಗಳಿದ್ದವು. ದ್ರೌಪದಿಯದರಲ್ಲಿ ಏನೂ ಇರಲಿಲ್ಲ. ಬೆರಳು ಆಡಿಸಿದರೆ ಅಂಚು ತುಸು ಒರಟು, ಯಾರೋ ಬ್ಲೇಡಿನಿಂದ ಸೀಳಿದ ಹಾಗೆ.

"ಉಸ್ತಾದ, ಇವೆರಡೂ ಒಂದ ಫಿಲ್ಮ ಅಲ್ರಿ," ಎಂದೆ. ಹೇಳಿದ ಮೇಲೆ, ತಪ್ಪು ಹೇಳಿದೆನೇನೋ ಎಂದು ಇನ್ನೊಮ್ಮೆ ಅಂಚು ಮುಟ್ಟಿದೆ.

ಅವರೂ ಬೆರಳಾಡಿಸಿ ನೋಡಿದರು. ಯುದ್ಧ ಶುರುವಾದ ಮೇಲೆ ಒಳ್ಳೆಯ ಫಿಲ್ಮು ಬರುವುದು ನಿಂತಿತ್ತು. ಸೊಲ್ಲಾಪುರದ ವ್ಯಾಪಾರಿಯೊಬ್ಬ ಚಂದ್ರನ ಚಿತ್ರದ ಚೀಟಿ ಅಂಟಿಸಿದ ರೀಲು ಕೊಡುತ್ತಿದ್ದ, 'ಚಾಂದ್ ಛಾಪ್' ಎಂದು. ಅದನ್ನು ತಯಾರಿಸುವವರು ಯಾರೆಂದು ನಾವು ಕೇಳಿರಲಿಲ್ಲ. ಸಿಕ್ಕಿದ್ದೇ ಪುಣ್ಯವಾಗಿತ್ತು.

"ಶೇರವಾನಿ ಒಂದ, ಒಳಗಿನ ಮದಿಮಗ ಬ್ಯಾರೆ," ಎಂದು ಉಸ್ತಾದರು ನಕ್ಕರು. "ಒಂದು ಲಡಾಯಿಗಿಂತ ಮೊದಲಿನ ಹಳೀ ಮಾಲು. ಇನ್ನೊಂದು ಫೌಜಿಂದು ಇರಬೇಕು ನೋಡು. ವಿಮಾನದಾಗ ಕುಂತು ನೆಲದ ಫೋಟೋ ತಗೀತಾರಲ್ಲ, ಆ ಅಗಲ ಫಿಲ್ಮ ಸೀಳಿ ಸುತ್ಯಾರ. ಅದಕ್ಕ ಎಲ್ಲಾ ಬಣ್ಣ ಕಾಣ್ತದ ಅಂತಾರ."

ವಿಮಾನದ ಮಾತು ನಿಜವೋ ಅವರ ಊಹೆಯೋ ನನಗೆ ಇವತ್ತಿಗೂ ಖಚಿತವಿಲ್ಲ. ಆದರೆ ಉಳಿದದ್ದು ಸರಿಹೊಂದಿತು. ನಮ್ಮ ಹಳೆಯ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕಾಣದ್ದು ಅದಕ್ಕೆ ಕತ್ತಲೆ, ಆದ್ದರಿಂದ ಕುಂಕುಮ ಕಪ್ಪು. ಮೈಬಣ್ಣವೂ ಕಪ್ಪಾಗುತ್ತದೆಂದೇ ಉಸ್ತಾದರು ಹೆಂಗಸರಿಗೆಲ್ಲ ಪೌಡರ್ ಹಚ್ಚಿಸುತ್ತಿದ್ದರು. ಹೊಸದು ಕೆಂಪನ್ನು ಬೆಳಕೆಂದು ಕಂಡಿತ್ತು. ಅದರ ಮೇಲೆ ನಮ್ಮ ಪೌಡರ್ ಬೇರೆ.

ಬೆಳಕು ತಾಗಿದ ಫಿಲ್ಮು ಮದ್ದಿನ ನೀರಿನಲ್ಲಿ ತೊಳೆದಾಗ ಕಪ್ಪಾಗುತ್ತದೆ, ಕಾಗದದ ಮೇಲೆ ಅದೇ ಬೆಳ್ಳಗೆ ಬರುತ್ತದೆ. ಹಳೆಯ ಫಿಲ್ಮನ್ನು ಕೆಂಪು ಗಾಜಿನ ಲಾಟೀನಿನ ಮುಂದೆಯೇ ತೊಳೆಯಬಹುದು, ಏನೂ ಆಗುವುದಿಲ್ಲ. ಸೀಮೆಎಣ್ಣೆ ರೇಶನ್ನಿಗೆ ಬಂದ ಮೇಲೆ ನಾವು ಲಾಟೀನು ಹಚ್ಚುವುದನ್ನೇ ಬಿಟ್ಟು ಕುರುಡುಗತ್ತಲಲ್ಲಿ ತೊಳೆಯುತ್ತಿದ್ದೆವು. ಹಚ್ಚುತ್ತಿದ್ದರೆ ದ್ರೌಪದಿಯ ರೀಲು ಅಲ್ಲೇ ಕಪ್ಪಾಗಿ ಗುಟ್ಟು ಬಿಟ್ಟುಕೊಡುತ್ತಿತ್ತು.

ಡಬ್ಬಿಯಲ್ಲಿ ಮೂರು ರೀಲು ಉಳಿದಿದ್ದವು. ಮೂರರ ಮೇಲೂ ಅದೇ ಚಂದ್ರ. ಯಾವುದರಲ್ಲಿ ಹಳೆಯ ಫಿಲ್ಮು ಇದೆ, ಅಥವಾ ಒಂದರಲ್ಲೂ ಇಲ್ಲವೇ? ಬಿಚ್ಚಿ ಅಂಚು ನೋಡಿದರೆ ಬೆಳಕು ತಾಗಿ ರೀಲೇ ಹಾಳು. ಕತ್ತಲಲ್ಲಿ ಬರೀ ಬೆರಳನ್ನು ನಂಬುವ ಹಾಗಿರಲಿಲ್ಲ.

"ತುದಿ ಒಂದೀಟು ಕತ್ತರಿಸಿ ನೋಡ್ಲೇನ್ರಿ?" ಎಂದು ಕೇಳಿದೆ.

"ಕತ್ತಲದಾಗ ಕತ್ತರಿ ಹಿಡೀಬೇಕಾಗ್ತದ."

"ಹಿಡೀತೇನ್ರಿ. ಮೆಲ್ಲಕ ಮಾಡ್ತೇನಿ."

"ಮಾಡು ಹಂಗಾರ. ಹಾಳಾದ್ರ ಆ ಯವ್ವಗ ನೀನ ಹೋಗಿ ಹೇಳು, ನನಗ ಆಗಂಗಿಲ್ಲ."

ಮೂರು ರೀಲಿಗೂ ದಾರ ಕಟ್ಟಿದೆ. ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು, ಕತ್ತಲಲ್ಲಿ ಬೆರಳಿಗೆ ತಿಳಿಯಲೆಂದು. ಕತ್ತಲಕೋಣೆಯ ಬಾಗಿಲು ಹಾಕಿ, ಸಂದಿಗೆ ಕಂಬಳಿ ತುರುಕಿ, ಮೊದಲ ರೀಲಿನ ಮೇಲಿನ ಕಪ್ಪು ಕಾಗದ ಬಿಚ್ಚುತ್ತಾ ಹೋದೆ. ಫಿಲ್ಮಿನ ಅಂಚು ಬೆರಳಿಗೆ ಸಿಕ್ಕ ಕೂಡಲೇ ಮೂಲೆಯಿಂದ ಉಗುರಿನಷ್ಟು ಕತ್ತರಿಸಿ, ಕಾಗದವನ್ನು ಬಿಗಿಯಾಗಿ ಮತ್ತೆ ಸುತ್ತಿದೆ. ಮೂರಕ್ಕೂ ಹಾಗೇ ಮಾಡಿದೆ. ಸುತ್ತು ಸಡಿಲಾಯಿತೇನೋ ಎಂಬ ಅನುಮಾನ ಪ್ರತಿ ಸಲವೂ ಬಂತು. ರೀಲುಗಳನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಮೂರು ಚೂರುಗಳನ್ನೂ ಗಂಟಿನ ಕ್ರಮದಲ್ಲೇ ಸಾಲಾಗಿ ಇಟ್ಟ ಮೇಲೆ, ಮೊದಲೇ ಹಚ್ಚಿ ತಗಡು ಮುಚ್ಚಿಟ್ಟಿದ್ದ ಕೆಂಪು ಲಾಟೀನನ್ನು ಅವುಗಳ ಕಡೆ ತೆರೆದೆ. ಪ್ರತಿಯೊಂದರ ಮೇಲೂ ಒಂದು ತೊಗರಿ ಕಾಳು ಇಟ್ಟಿದ್ದೆ. ಕೆಂಪು ಕಾಣುವ ಫಿಲ್ಮಾದರೆ ತೊಳೆದಾಗ ಕಪ್ಪಾಗಬೇಕು, ಕಾಳಿನ ನೆರಳಿದ್ದ ಜಾಗ ಮಾತ್ರ ತಿಳಿಯಾಗಿ ಉಳಿಯಬೇಕು. ಕಾಣದ ಫಿಲ್ಮು ಇಡಿಯಾಗಿ ತಿಳಿಯಾಗಿಯೇ ಇರಬೇಕು.

ಲಾಟೀನು ಮುಚ್ಚಿ ಕತ್ತಲಲ್ಲಿ ತೊಳೆದಾಗ ಒಂದು ಗಂಟಿನ ಚೂರು ಕಪ್ಪಾಯಿತು. ನಡುವೆ ದುಂಡಗೆ ತೊಗರಿ ಕಾಳಿನ ಗುರುತು. ಎರಡು ಗಂಟಿನದೂ ಹಾಗೆಯೇ. ಮೂರು ಗಂಟಿನದು ಗಾಜಿನಂತೆ ತಿಳಿಯಾಗಿ ಉಳಿಯಿತು.

ಹೊರಗೆ ಬಂದು ಉಸ್ತಾದರಿಗೆ ತೋರಿಸಿದೆ. ಅವರು ನನ್ನ ಬೆನ್ನು ತಟ್ಟಿದರು. ನನಗೆ ಸಂತೋಷವಾಗಲಿಲ್ಲ. ಆ ಫಿಲ್ಮು ಹಳೆಯದಾಗಿ ಸತ್ತೇಹೋಗಿದ್ದರೆ? ಸತ್ತ ಫಿಲ್ಮೂ ತಿಳಿಯಾಗಿಯೇ ಇರುತ್ತದಲ್ಲ.

"ನಿನ್ ತಲಿಯಾಗ ಅನುಮಾನದ ಹುಳ ಅದ ಸೈದಪ್ಪ," ಎಂದರು ಉಸ್ತಾದರು. "ಹೋಗು, ಅದನ್ನೂ ನೋಡಿ ಬಾ."

ಮತ್ತೆ ಕತ್ತಲಿಗೆ ಹೋಗಿ ಮೂರು ಗಂಟಿನ ರೀಲಿನಿಂದ ಇನ್ನೊಂದು ಚೂರು ತೆಗೆದೆ. ಅದನ್ನು ಅಂಗಳದ ಬಿಸಿಲಿಗೆ ಹಿಡಿದು ತೊಳೆದೆ. ಕಾಡಿಗೆಯಂತೆ ಕಪ್ಪಾಯಿತು. ಜೀವ ಇತ್ತು. ಕೆಂಪೊಂದು ಕಾಣುತ್ತಿರಲಿಲ್ಲ, ಅಷ್ಟೇ. ಆಗ ಹೊಟ್ಟೆ ಹಸಿದದ್ದು ನೆನಪಾಗಿ ಬುತ್ತಿ ಬಿಚ್ಚಿದೆ.

ಸಂತೆಯ ಬೆಳಿಗ್ಗೆ ತಮ್ಮೂರು ನರೋಣಾದಿಂದ ಅತ್ತೆ ಸೊಸೆ ಇಬ್ಬರೂ ಬಂದರು. ದ್ರೌಪದಿ ಕನ್ನಡಿಯ ಮುಂದೆ ಕುಂಕುಮ ಹಚ್ಚಿಕೊಂಡಳು. ಈ ಸಲ ಅತ್ತೆ ಏನೂ ಹೇಳದಿದ್ದರೂ ದೊಡ್ಡದಾಗಿಯೇ ಹಚ್ಚಿದಳು. ನಾನು ಪೌಡರ್ ಡಬ್ಬಿ ಕೊಟ್ಟಾಗ ಹಿಂದೆ ಸರಿದಳು.

"ಹೋದ ಸಲ ದೆವ್ವದಂಗ ಬಂದೇನಿ ಅಣ್ಣಾರ."

"ಈ ಸಲ ಬರಂಗಿಲ್ಲವ್ವ. ರೀಲ್ ಬ್ಯಾರೆ ಅದ," ಎಂದೆ. ಹೇಳುವಾಗ ದನಿ ಗಟ್ಟಿ ಮಾಡಿದೆ. ಆದರೂ ಅವಳು ಪೌಡರ್ ಮುಟ್ಟಲಿಲ್ಲ.

ತೆಗೆದೆ. ತೊಳೆಯಲು ಒಳಗೆ ಹೋದೆ. ಕೆಂಪು ಲಾಟೀನು ಹಚ್ಚಲೇ, ಬೇಡವೇ ಎಂದು ಒಂದು ಗಳಿಗೆ ನಿಂತೆ. ಚೂರಿನ ಮೇಲೆ ನಂಬಿಕೆಯಿದ್ದರೆ ಹಚ್ಚಬೇಕು. ಆದರೆ ನಂಬಿಕೆ ತೋರಿಸುವುದಕ್ಕೆ ಅದು ಸಮಯವಲ್ಲ ಎನ್ನಿಸಿ ಕತ್ತಲಲ್ಲೇ ತೊಳೆದೆ.

ಮಧ್ಯಾಹ್ನದ ಹೊತ್ತಿಗೆ ಫೋಟೋ ತಯಾರಾಯಿತು. ಇನ್ನೂ ಒದ್ದೆಯಿದ್ದ ಕಾಗದವನ್ನು ಮಲ್ಕಮ್ಮನ ಮುಂದೆ ಇಟ್ಟೆ. ದ್ರೌಪದಿ ಅದರಲ್ಲಿ ಇದ್ದುದಕ್ಕಿಂತ ಒಂದು ಬಣ್ಣ ಕಪ್ಪಗಿದ್ದಳು. ಸೆರಗು ದಟ್ಟವಾಗಿತ್ತು. ಹಣೆಯ ನಡುವೆ ಕುಂಕುಮ ಕೂತಿತ್ತು, ದುಂಡಗೆ, ಕರ್ರಗೆ.

ಮಲ್ಕಮ್ಮ ಬಗ್ಗಿ ನೋಡಿದರು. ಆಮೇಲೆ ಬೆರಳಿನಿಂದ ಆ ಹಣೆಯನ್ನು ಮೆಲ್ಲಗೆ ಮುಟ್ಟಿ, ಬಣ್ಣ ಹತ್ತಿತೇನೋ ಎಂದು ಬೆರಳು ತಿರುಗಿಸಿ ನೋಡಿಕೊಂಡರು.

"ನೀವ್ ಹಚ್ಚಿಲ್ಲಲ್ರಿ ಸಾಬ್ರ?"

"ಬ್ರಶ್ ಮುಟ್ಟಿಲ್ಲ ಯವ್ವ. ನಿನ್ ಸೊಸಿ ಹಚ್ಚಿಕೊಂಡಿದ್ದ ಬಂದದ."

"ಕರ್ರಗ ಆಗ್ಯೇನಲ್ಲ ಅತ್ತಿ," ಎಂದಳು ದ್ರೌಪದಿ, ಹಿಂದಿನಿಂದ ಇಣುಕಿ.

"ಆಗ್ಲಿ ಬಿಡು. ಅವಗೇನು ನಿನ್ ಬಣ್ಣ ಗೊತ್ತಿಲ್ಲೇನು?"

ಹಳೆಯ ಫೋಟೋವನ್ನು ಮಲ್ಕಮ್ಮನೇ ಮನೆಗೆ ಒಯ್ದು ಒಲೆಗೆ ಹಾಕಿದ್ದರಂತೆ. ಹೊಸದು ಒಣಗುವವರೆಗೆ ಇಬ್ಬರೂ ಕಟ್ಟೆಯ ಮೇಲೆ ಕೂತು ಸಂತೆ ನೋಡಿದರು. ಹೊರಡುವಾಗ ಮಲ್ಕಮ್ಮ ಬಾಗಿಲಲ್ಲಿ ತಡೆದು ನಿಂತರು.

"ತಮ್ಮಾ, ಆ ಕೆಟ್ಟ ರೀಲ್ ಇನ್ನಾ ಉಳದಾವೇನು?"

"ಕೆಟ್ಟದ್ದಲ್ಲ ಯವ್ವ, ಬ್ಯಾರೆ ಅದ. ಎರಡು ಉಳದಾವ."

"ಹಂಗಾರ ಒಂದು ನನಗ ಹಾಕು. ನನ್ ಹಣಿಗಿ ಯಾವ ರೀಲ್ ಆದ್ರೂ ನಡೀತದ." ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತರು. "ಅವ್ವನ ಮಾರೀನೂ ಮರತಿದ್ರ ಏನ್ ಮಾಡೂದು?"

ನಾನು ಉಸ್ತಾದರ ಮುಖ ನೋಡಿದೆ. ಅವರು ಪೌಡರ್ ಡಬ್ಬಿಯನ್ನು ತಾವೇ ಎತ್ತಿ ಕಪಾಟಿನಲ್ಲಿ ಇಟ್ಟರು.

ಒಂದು ಗಂಟಿನ ರೀಲು ಹಾಕಿದೆ. ಆ ಚಿತ್ರದಲ್ಲಿ ಮಲ್ಕಮ್ಮ ಇದ್ದ ಹಾಗೇ ಬಂದರು, ಬಿಸಿಲಿನ ಮೈಬಣ್ಣ, ಕಣ್ಣಿನ ಸುತ್ತಲಿನ ಗೆರೆ ಎಲ್ಲವೂ. ದ್ರೌಪದಿ ಎರಡೂ ಫೋಟೋಗಳನ್ನು ಒಟ್ಟಿಗೆ ಹಿಡಿದು ನೋಡಿದಳು.

"ಅತ್ತಿ, ನೀವ ನನಕಿಂತ ಬೆಳ್ಳಗ ಬಂದೀರಿ."

"ಸುಮ್ಮ ನಡೀ ಬೇ," ಎಂದರು ಮಲ್ಕಮ್ಮ. ಆದರೆ ಫೋಟೋಗಳನ್ನು ಹುಲೆಪ್ಪನಿಗೆಂದು ಬಟ್ಟೆಯಲ್ಲಿ ಸುತ್ತುವಾಗ ತಮ್ಮದನ್ನೇ ಮೇಲೆ ಇಟ್ಟರು.